ಎಷ್ಟು ವರ್ಷ ಸೇದಿದ್ದರು?

“ನಿಮ್ಮ ತಾಯಿ ಎಷ್ಟು ವರ್ಷ ಸಿಗರೇಟು ಸೇದಿದ್ದರು?” ಎಂದು ಪಕ್ಕದ ಮನೆಯ ಹಿರಿಯ ಮಹಿಳೆ ಬೇಲಿಯಾಚೆಯಿಂದ ಕೇಳಿದಾಗ ನಾನು ಪೆಲೆಟ್ ಸ್ಮೋಕರಿನ, ಅಂದರೆ ಮರದ ಪುಡಿಯ ಗುಳಿಗೆ ಉರಿಸುವ ಹಿತ್ತಲಿನ ಒಲೆಯ, ಮುಚ್ಚಳ ತೆರೆದು ಬದನೆಕಾಯಿಗಳನ್ನು ಮಗುಚುತ್ತಿದ್ದೆ. ಜುಲೈ ತಿಂಗಳ ಒಂದು ಶನಿವಾರದ ಸಂಜೆ. ಅಮ್ಮ ತೀರ್ಥಹಳ್ಳಿಯ ಕಡೆಯ ನಮ್ಮೂರಿನಿಂದ ಇಲ್ಲಿಗೆ, ಅಂದರೆ ಅಮೆರಿಕದ ಆರೆಗಾನ್ ರಾಜ್ಯದ ಸೇಲಂಗೆ ಬಂದು ಮೂರು ವಾರವಾಗಿತ್ತು. ಹಿತ್ತಲಿನ ಕುರ್ಚಿಯಲ್ಲಿ ಕುಳಿತು ಗೊಜ್ಜಿಗೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅವಳಿಗೆ ಎಂದಿನ ಕೆಮ್ಮು ಬಂದಿತ್ತು. ಅದು ಗಂಟಲಿನ ಕೆಮ್ಮಲ್ಲ, ಎದೆಯ ತಳದಿಂದ ಏನನ್ನೋ ಎತ್ತಿ ತರಲು ಹೋಗಿ ಅರ್ಧದಲ್ಲಿ ಕೈಬಿಡುವಂಥ ಕೆಮ್ಮು. ಅಮ್ಮ ಕೊಟ್ಟಿಗೆಯಲ್ಲಿದ್ದಾಳೋ ಬಾವಿಕಟ್ಟೆಯ ಹತ್ತಿರವಿದ್ದಾಳೋ ಎಂಬುದನ್ನು ಆ ಕೆಮ್ಮಿನ ಗುರುತಿನಿಂದಲೇ ತಿಳಿಯುತ್ತಿದ್ದ ನಾವು ಮಕ್ಕಳು, ಅದಕ್ಕೊಂದು ಕಾರಣವಿರಬಹುದೆಂದು ಯಾವತ್ತೂ ಯೋಚಿಸಿದವರಲ್ಲ.

ಸಿಗರೇಟು ಹಾಗಿರಲಿ, ಎಲೆಯಡಿಕೆಗೆ ಒಂದು ಚೂರು ಹೊಗೆಸೊಪ್ಪನ್ನೂ ಸೇರಿಸದವಳು ನನ್ನಮ್ಮ. ಮೊದಲ ಕ್ಷಣ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಕೇಳಿದವರ ಮುಖದಲ್ಲಿ ಅವಹೇಳನದ ಸುಳಿವೂ ಇರಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್ ಆಗಿದ್ದ ಅವರಿಗೆ ಆ ಕೆಮ್ಮು ಪರಿಚಿತವಾಗಿತ್ತು. ಪರಿಚಿತವಾದದ್ದರ ಹಿಂದಿನ ಕಾರಣವನ್ನು ಅವರು ಅಭ್ಯಾಸಬಲದಿಂದ ಕೇಳಿದ್ದರು, ಅಷ್ಟೆ. “ಒಂದು ದಿನವೂ ಸೇದಿದವಳಲ್ಲ” ಎಂದೆ. ಅವರು ತಲೆಯಾಡಿಸಿ ಸುಮ್ಮನಾದರು. “ಏನಂತೆ?” ಎಂದು ಅಮ್ಮ ಕೇಳಿದಾಗ, “ನಿನಗೆಷ್ಟು ವಯಸ್ಸು ಅಂತ ಕೇಳಿದ್ರು” ಎಂದು ಸುಳ್ಳು ಹೇಳಿದೆ.

ಈ ನೆರೆಯವರಿಗೂ ನನ್ನ ಸ್ಮೋಕರಿಗೂ ಹಳೆಯ ಸಂಬಂಧವಿದೆ. ಎರಡು ವರ್ಷದ ಹಿಂದೆ ಅದನ್ನು ಮೊದಲ ಸಲ ಹೊತ್ತಿಸಿದ ದಿನ ಬಿಳಿಯ, ದಪ್ಪನೆಯ ಹೊಗೆ ಬೇಲಿ ದಾಟಿ ನೇರವಾಗಿ ಅವರ ಕಿಟಕಿಗೆ ನುಗ್ಗಿತ್ತು. ಅವರು ಬಂದು ಬಾಗಿಲು ತಟ್ಟಿದರು. ಜಗಳ ಮಾಡಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸ್ಯಾಂಟಿಯಮ್ ಕಣಿವೆಯ ಕಾಡುಗಳು ಹೊತ್ತಿ ಉರಿದು, ಹಗಲಿನಲ್ಲೇ ಸೇಲಂನ ಆಕಾಶ ಕೆಂಪಾಗಿ, ಊರಿಗೆ ಊರೇ ಕಿಟಕಿಯ ಸಂದಿಗಳಿಗೆ ಬಟ್ಟೆ ತುರುಕಿ ದಿನಗಟ್ಟಲೆ ಒಳಗೇ ಕುಳಿತಿತ್ತು. ಅಂದಿನಿಂದ ತಮ್ಮ ಉಸಿರು ಮೊದಲಿನಂತಿಲ್ಲ, ಒಲೆ ಹಚ್ಚುವ ಮುಂಚೆ ಒಂದು ಮಾತು ತಿಳಿಸಿದರೆ ಕಿಟಕಿ ಮುಚ್ಚಿಕೊಳ್ಳುತ್ತೇನೆ ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, “ಹೊಗೆ ಅಂದರೆ ಉರಿಯದೆ ಉಳಿದ ಕಟ್ಟಿಗೆ. ಒಲೆ ಸರಿಯಾಗಿ ಉರಿದರೆ ಅದು ನನ್ನ ಮನೆಗೆ ಬರುವುದಿಲ್ಲ” ಎಂದರು. ತಿಳಿಸುವುದಕ್ಕಿಂತ ಸರಿಯಾಗಿ ಉರಿಸುವುದನ್ನು ಕಲಿಯುವುದೇ ಒಳ್ಳೆಯದೆಂದು ನನಗನ್ನಿಸಿದ್ದು ಆಗ.

ಪೀಪಾಯಿಯೊಂದನ್ನು ಅಡ್ಡ ಮಲಗಿಸಿದಂತೆ ಕಾಣುವ ಈ ಒಲೆ ಇದೇ ಪ್ರದೇಶದ ಕೂಸು. ಸೇಲಂಗೆ ಹತ್ತಿರದ ಮೌಂಟ್ ಏಂಜಲ್ ಎಂಬ ಪುಟ್ಟ ಊರಿನಲ್ಲಿ ಜೋ ಟ್ರೇಗರ್ ಎಂಬವರು ರೂಪಿಸಿ 1986ರಲ್ಲಿ ಪೇಟೆಂಟ್ ಪಡೆದದ್ದು. ಮರ ಕೊಯ್ಯುವ ಮಿಲ್ಲುಗಳಲ್ಲಿ ಉಳಿಯುವ ಗರಗಸದ ಪುಡಿಯನ್ನು ಭಾರಿ ಒತ್ತಡದಲ್ಲಿ ಸುಮಾರು ಆರು ಮಿಲಿಮೀಟರ್ ದಪ್ಪದ ಗುಳಿಗೆಗಳಾಗಿ ಒತ್ತಿರುತ್ತಾರೆ; ಪೆಲೆಟ್ ಎಂದರೆ ಇವೇ. ಬೇರೆ ಅಂಟು ಬೇಕಾಗುವುದಿಲ್ಲ. ಒತ್ತಡದ ಬಿಸಿಗೆ ಮರದೊಳಗಿನ ಲಿಗ್ನಿನ್ ಎಂಬ ಅಂಶವೇ ಮೆತ್ತಗಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಹಿಟ್ಟಿನ ಗಿರಣಿಗೆ ಕಾಳು ಸುರಿಯುವ ಬಾಯಿಯಂಥ ಡಬ್ಬಿಗೆ ಇವನ್ನು ತುಂಬಿದರೆ, ಅಡಿಯಲ್ಲಿರುವ ಉದ್ದನೆಯ ತಿರುಪು ನಿಧಾನವಾಗಿ ತಿರುಗುತ್ತಾ ಒಂದೊಂದು ಹಿಡಿಯನ್ನು ಒಳಗಿನ ಕಬ್ಬಿಣದ ಬಟ್ಟಲಿಗೆ ತಳ್ಳುತ್ತದೆ. ಅಲ್ಲಿ ಕಾದ ಕಡ್ಡಿಯೊಂದು ಬೆಂಕಿ ಹೊತ್ತಿಸುತ್ತದೆ, ಪುಟ್ಟ ಫ್ಯಾನ್ ಗಾಳಿ ಊದುತ್ತದೆ, ಒಳಗಿನ ಶಾಖವನ್ನು ಅಳೆಯುತ್ತಾ ತಿರುಪಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಕೆಲಸ ಕಂಟ್ರೋಲರಿನದು.

ಇಷ್ಟೆಲ್ಲ ಇದ್ದೂ ಹೊಗೆ ಏಕೆ ಬರುತ್ತದೆ ಎಂಬುದನ್ನು ನಾನು ಒಂದೊಂದೇ ತಪ್ಪು ಮಾಡುತ್ತಾ ಕಲಿತೆ. ಮರ ಕಾದಾಗ ಮೊದಲು ನೀರು ಆವಿಯಾಗಿ ಹೋಗಿ, ಆಮೇಲೆ ಉರಿಯಬಲ್ಲ ಅನಿಲಗಳು ಹೊರಡುತ್ತವೆ. ಸಾಕಷ್ಟು ಶಾಖವೂ ಗಾಳಿಯೂ ಸಿಕ್ಕರೆ ಅವು ಜ್ವಾಲೆಯಾಗುತ್ತವೆ, ಸಿಗದಿದ್ದರೆ ಹೊಗೆಯಾಗುತ್ತವೆ. ಹೊತ್ತಿಸಿದ ಮೊದಲ ಐದು ಹತ್ತು ನಿಮಿಷ ಬಟ್ಟಲು ತಣ್ಣಗಿರುವುದರಿಂದ ಬಿಳಿ ಹೊಗೆ ತಪ್ಪದು. ಆದರೆ ಬಟ್ಟಲಿನಲ್ಲಿ ಹಿಂದಿನ ವಾರದ ಬೂದಿ ತುಂಬಿ ಗಾಳಿಯ ತೂತುಗಳು ಮುಚ್ಚಿದ್ದರೆ ಆ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ. ಕೊಬ್ಬು ಇಳಿಯುವ ತಟ್ಟೆಯನ್ನು ಕೆರೆದು ತೆಗೆಯದಿದ್ದರೆ, ಕಟ್ಟಿಗೆಯ ಹೊಗೆಯಲ್ಲದೆ ಹಿಂದಿನ ವಾರದ ಕೋಳಿಯ ಎಣ್ಣೆಯೂ ಸೀದು ಹೊಗೆಯಾಡುತ್ತದೆ. ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತುಬಿಟ್ಟರೆ ಉಳಿದ ಪೆಲೆಟ್ ಅರೆಬೆಂದು ಗಂಟೆಗಟ್ಟಲೆ ಕಮಟು ಬಿಡುತ್ತದೆ. ಆದ್ದರಿಂದ ಆರಿಸುವ ಗುಂಡಿ ಒತ್ತಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಬೇಕು.

ಎಲ್ಲಕ್ಕಿಂತ ದೊಡ್ಡ ವಿಷಯ ಶಾಖದ್ದು. 225 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟರೆ ಬೆಂಕಿ ಸಣ್ಣಗೆ ಉರಿಯುತ್ತಾ ಹೊಗೆಯನ್ನು ಬಿಡುತ್ತದೆ. ಇಲ್ಲಿಯವರು ಮಾಂಸಕ್ಕೆ ಹೊಗೆಯ ರುಚಿ ಹತ್ತಲೆಂದು ಬೇಕೆಂದೇ ಹಾಗೆ ಗಂಟೆಗಟ್ಟಲೆ ಇಡುತ್ತಾರೆ. 400ಕ್ಕೆ ಏರಿಸಿದರೆ ಹೊಗೆಯಾಗಬೇಕಾದದ್ದೂ ಉರಿದುಹೋಗಿ, ಕೊಳವೆಯ ಬಾಯಲ್ಲಿ ಬಿಸಿಗಾಳಿಯ ನಡುಕ ಮಾತ್ರ ಕಾಣುತ್ತದೆ. ಬದನೆಕಾಯಿಗೆ, ಜೋಳದ ತೆನೆಗೆ, ದೊಣ್ಣೆಮೆಣಸಿಗೆ ಇಷ್ಟೇ ಸಾಕು. ಚಾಕುವಿನಿಂದ ಅಲ್ಲಲ್ಲಿ ಚುಚ್ಚಿ ಎಣ್ಣೆ ಸವರಿಟ್ಟ ಬದನೆಕಾಯಿ ಮುಕ್ಕಾಲು ಗಂಟೆಯಲ್ಲಿ ಸಿಪ್ಪೆ ಸುಕ್ಕಾಗಿ ಕುಸಿಯುತ್ತದೆ. ಕೆಂಡದಲ್ಲಿ ಸುಟ್ಟದ್ದರಷ್ಟು ಘಾಟು ಇರುವುದಿಲ್ಲ, ಆದರೂ ಕಟ್ಟಿಗೆಯ ಪರಿಮಳ ಇರುತ್ತದೆ. ಎರಡು ವರ್ಷದಲ್ಲಿ ನೆರೆಯವರು ಮತ್ತೆ ಬಾಗಿಲು ತಟ್ಟಿಲ್ಲ.

ಇದನ್ನೆಲ್ಲ ನಾನು ಹೊಸ ವಿದ್ಯೆಯೆಂದು ತಿಳಿದಿದ್ದೆ. ಅಮ್ಮ ಬಂದ ವಾರವೇ ಅದು ಹೊಸದಲ್ಲವೆಂದು ಗೊತ್ತಾಯಿತು. ಯಂತ್ರದ ಸುತ್ತ ಒಂದು ಸುತ್ತು ಬಂದು ಅವಳು ಕೇಳಿದ ಮೊದಲ ಪ್ರಶ್ನೆ, “ಇದಕ್ಕೆ ಊದೋರು ಯಾರು?” ಎಂಬುದು. ಫ್ಯಾನ್ ತೋರಿಸಿದೆ. ಪೆಲೆಟ್ ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಕುಲುಕಿ ಸದ್ದು ಕೇಳಿದಳು, ಒಂದನ್ನು ಬೆರಳಲ್ಲಿ ಮುರಿದಳು. ಟಕ್ಕೆಂದು ಮುರಿಯಿತು. “ಒಣಗಿದೆ” ಎಂದಳು. ಇಲ್ಲಿಯ ಚಳಿಗಾಲವೆಲ್ಲ ಮಳೆ; ತೆರೆದ ಚೀಲದ ಪೆಲೆಟ್ ಶೀತ ಹಿಡಿದು ಉಬ್ಬಿ, ಮುರಿದರೆ ಸದ್ದಿಲ್ಲದೆ ಪುಡಿಯಾಗುತ್ತದೆ, ಹೊತ್ತಿಸಿದರೆ ಹೊಗೆಯಷ್ಟೇ ಬರುತ್ತದೆ ಎಂಬುದನ್ನು ತಿಳಿಯಲು ನಾನು ಎರಡು ಚೀಲ ಹಾಳುಮಾಡಿದ್ದೆ. ಇನ್ನೊಂದು ದಿನ ಬೆಂಕಿ ನಡುವೆ ನಂದಿಹೋಗಿ, ತಿರುಪು ಮಾತ್ರ ತಿರುಗುತ್ತಾ ಬಟ್ಟಲು ತುಂಬಿ ತುಳುಕಿತ್ತು. ನಾನು ಮತ್ತೆ ಗುಂಡಿ ಒತ್ತಲು ಹೊರಟಾಗ ಅಮ್ಮ ಕೈ ಹಿಡಿದು ನಿಲ್ಲಿಸಿ, “ಬಾಯಿ ತುಂಬಿದ್ರೆ ಒಲೆ ಹೇಗೆ ಉಸಿರಾಡ್ತದೆ? ಮೊದಲು ತೆಗಿ” ಎಂದಳು. ಕೈಪಿಡಿಯಲ್ಲೂ ಅದೇ ಬರೆದಿತ್ತು.

ಇಷ್ಟು ಬಲ್ಲವಳು, ನಾನು ಮುಚ್ಚಳ ಎತ್ತಿದಾಗಲೆಲ್ಲ ಕಣ್ಣು ಕಿರಿದು ಮಾಡಿ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಿದ್ದಳು. ಹೊಗೆ ಇರಲಿಲ್ಲ. ಆ ಮುಖ ಮಾತ್ರ ಹೊಗೆಯ ಮುಂದೆ ಕುಳಿತ ಮುಖವೇ ಆಗಿತ್ತು.

ನಮ್ಮ ಅಡುಗೆಮನೆಯಲ್ಲಿ ಹೊಗೆಗೆ ಒಂದು ಸ್ಥಾನವಿತ್ತೆಂಬುದನ್ನು ನಾನು ಮರೆಯುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡುಗೆಯ ಹುಳಿಗೆ ಬಳಸುವ ಉಪ್ಪಾಗೆ ಸಿಪ್ಪೆ ಒಣಗುತ್ತಿದ್ದದ್ದು ಹೊಗೆಯಿಂದ, ಬಿತ್ತನೆಯ ಬೀಜಕ್ಕೆ ಹುಳು ಹಿಡಿಯದಿದ್ದದ್ದು ಹೊಗೆಯಿಂದ, ಜಂತಿಗೆ ಕುಟ್ಟೆ ಬೀಳದಿದ್ದದ್ದು ಹೊಗೆಯಿಂದ. ಮನೆಯ ಹಿರಿಯರು ಈ ಲೆಕ್ಕವನ್ನೆಲ್ಲ ಚೆನ್ನಾಗಿ ಹೇಳುತ್ತಿದ್ದರು. ಆಷಾಢದ ಮಳೆಯಲ್ಲಿ ಸೌದೆ ಕೊಟ್ಟಿಗೆಯ ಕಟ್ಟಿಗೆಯೂ ಹಸಿಯಾಗಿ, ಊದುಕೊಳವೆ ಹಿಡಿದು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಊದುವ ಹೆಂಗಸಿನ ಎದೆ ಮಾತ್ರ ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಬೇರೆ ಒಲೆ ಗೊತ್ತಿರಲಿಲ್ಲವೆಂದೂ ಹೇಳುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಮನೆಗಳಿಗಾಗಿಯೇ ಒಂದು ಒಲೆಯನ್ನು ರೂಪಿಸಿತ್ತು. ಮಣ್ಣಿನ ಒಲೆಯೇ, ಆದರೆ ಮುಚ್ಚಿದ ಬೆಂಕಿಗೂಡು, ಕೆಳಗಿನಿಂದ ಗಾಳಿಯಾಡಲು ಕಬ್ಬಿಣದ ಜಾಲರಿ, ಹೊಗೆ ಹೊರಹೋಗಲು ಕೊಳವೆ. ಇಂದು ನನ್ನ ಹಿತ್ತಲಿನ ಯಂತ್ರ ಫ್ಯಾನಿನಿಂದ ಮಾಡುವುದನ್ನು ಅದು ವಿದ್ಯುತ್ತಿಲ್ಲದೆ ಮಾಡಲು ಹೊರಟಿತ್ತು. ಅದನ್ನು ನಮ್ಮವರು ನಮ್ಮ ನಾಡಿನಲ್ಲೇ ಯೋಚಿಸಿದರೆಂಬುದು ನನಗೆ ಈಗಲೂ ಹೆಮ್ಮೆಯ ವಿಷಯ. 1986ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಒಂದನ್ನು ಕಟ್ಟಿಸಿದರು. ಎರಡು ವರ್ಷ ಅಡುಗೆಮನೆಯ ಗೋಡೆ ಕಾಣುವಂತಾಗಿತ್ತು. ಆ ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಆಗಾಗ ತೆಗೆಯಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಗಂಡಸರು ಮಾಡು ಹತ್ತುತ್ತಿದ್ದರು, ಆದರೆ ಅದೇ ಮಾಡಿನಿಂದ ಹೊರಬಂದಿದ್ದ ಕೊಳವೆಯೊಳಗೆ ಒಂದು ಕೋಲು ಆಡಿಸಬೇಕೆಂದು ಯಾರಿಗೂ ತೋಚಲಿಲ್ಲ. ತೋಟದ ಪಂಪ್‌ಸೆಟ್ ಕೆಟ್ಟರೆ ಅದೇ ದಿನ ತೀರ್ಥಹಳ್ಳಿಗೆ ಹೋಗಿ ಮೆಕ್ಯಾನಿಕ್ಕನ್ನು ಕರೆತರುತ್ತಿದ್ದ ಮನೆ ಅದು. ಮೂರನೆಯ ಮಳೆಗಾಲದಲ್ಲಿ ಹೊಗೆ ಒಳಕ್ಕೇ ತಿರುಗಿತು. ಅಮ್ಮ ಏನೂ ಹೇಳದೆ ಪಕ್ಕದ ಹಳೆಯ ಒಲೆಗೆ ಬೆಂಕಿ ಮಾಡಿದಳು. ಹೈಸ್ಕೂಲಿನಲ್ಲಿದ್ದ ನಾನೂ ಆ ಗಂಡಸರಲ್ಲಿ ಒಬ್ಬನೇ. ಏಣಿ ಹಿಡಿದುಕೊಳ್ಳುತ್ತಿದ್ದವನು ನಾನೇ.

ನೆರೆಯವರು ಆ ಪ್ರಶ್ನೆ ಕೇಳಿದ ಶನಿವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಓದುತ್ತಾ ಕುಳಿತೆ. ಮನೆಯೊಳಗಿನ ಒಲೆ ಮತ್ತು ಇಂಧನಗಳ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೂ ಸೇದುವವರ ಶ್ವಾಸಕೋಶದ ಕಾಯಿಲೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಅಷ್ಟು ಓದಿದ ಮೇಲೆ ಸುಳ್ಳನ್ನು ಇಟ್ಟುಕೊಳ್ಳಲಾಗಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮನಿಗೆ ನೆರೆಯವರು ಕೇಳಿದ್ದೇನೆಂದು ನಿಜ ಹೇಳಿದೆ. ನಗುತ್ತಾಳೆ ಅಥವಾ ಬೇಸರಪಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಲೋಟ ಕೆಳಗಿಟ್ಟು ಬೆರಳು ಮಡಿಸಿ ಲೆಕ್ಕ ಹಾಕಿದಳು: ಮದುವೆಯಾಗಿ ಬಂದದ್ದು 1973ರಲ್ಲಿ, ಗ್ಯಾಸ್ ಬಂದದ್ದು 2011ರಲ್ಲಿ.

“ಮೂವತ್ತೆಂಟು ವರ್ಷ ಅಂತ ಹೇಳು” ಎಂದಳು.

ಹಾಗೆಯೇ ಹೇಳಿದೆ. ನೆರೆಯವರು ಈ ಸಲ ತಲೆಯಾಡಿಸಿ ಸುಮ್ಮನಾಗಲಿಲ್ಲ. ಬೇಲಿಯ ಬಾಗಿಲು ತೆರೆದು ಬಂದು ಅಮ್ಮನ ಪಕ್ಕದಲ್ಲಿ ಕುಳಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಬೆಳಿಗ್ಗೆ ಕಫ ಬೀಳುತ್ತದೆಯೇ ಎಂದು ನನ್ನ ಮೂಲಕ ಒಂದೊಂದನ್ನೇ ಕೇಳಿದರು. ಊರಿಗೆ ಹೋದ ಕೂಡಲೇ ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಮಾಡಿಸಬೇಕು, ಕೊಳವೆಯೊಂದಕ್ಕೆ ಜೋರಾಗಿ ಊದುವುದು ಅಷ್ಟೆ, ನೋವೇನೂ ಇಲ್ಲ ಎಂದರು. “ಊದೋದಾದ್ರೆ ಅಭ್ಯಾಸ ಇದೆ” ಎಂದಳು ಅಮ್ಮ. ಅವರು ಕೊನೆಯದಾಗಿ ಕೇಳಿದ್ದು, ಈಗ ಮನೆಯಲ್ಲಿ ಕಟ್ಟಿಗೆಯ ಒಲೆ ಎಲ್ಲೂ ಉರಿಯುತ್ತಿಲ್ಲ ತಾನೇ ಎಂದು. ಇಲ್ಲವೆಂದು ಹೇಳಲು ಬಾಯಿ ತೆರೆದವನು ಅಲ್ಲಿಗೇ ನಿಂತೆ. ಅಡುಗೆಗೆ ಗ್ಯಾಸ್ ಬಂದು ಹದಿನಾಲ್ಕು ವರ್ಷವಾಗಿದೆ. ಆದರೆ ಬಚ್ಚಲ ಒಲೆ ಹಾಗೆಯೇ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಹಂಡೆಯ ಕೆಳಗೆ ಅಡಿಕೆ ಹಾಳೆ, ತೆಂಗಿನ ಗರಿ, ಸಿಕ್ಕಿದ ಹಸಿ ಕಟ್ಟಿಗೆ ತುರುಕಿ ಮನೆಮಂದಿಗೆಲ್ಲ ನೀರು ಕಾಯಿಸುವುದು ಈಗಲೂ ಅಮ್ಮನ ಕೆಲಸ.

ಭಾನುವಾರ ರಾತ್ರಿ, ಅಂದರೆ ಊರಿನಲ್ಲಿ ಸೋಮವಾರ ಬೆಳಿಗ್ಗೆ, ಅಣ್ಣನಿಗೆ ಫೋನ್ ಮಾಡಿದೆ. ಬಚ್ಚಲಿಗೆ ಗೀಸರೋ ಸೋಲಾರೋ ಹಾಕಿಸುವ ವಿಷಯವನ್ನು ಹೇಗೆ ಎತ್ತಬೇಕು, ಖರ್ಚನ್ನು ನಾನೇ ಕೊಡುತ್ತೇನೆಂದರೆ ಅವನಿಗೆ ಬೇಸರವಾಗಬಹುದೇ ಎಂದೆಲ್ಲ ಯೋಚಿಸಿಕೊಂಡಿದ್ದೆ. ಅಮ್ಮ ಇಲ್ಲದೆ ನೀರು ಕಾಯಿಸುವವರು ಯಾರು ಎಂದು ಮೊದಲು ಕೇಳಿದೆ.

“ಅಯ್ಯೋ, ಯಾರೂ ಇಲ್ಲ ಮಾರಾಯ. ಆ ಹೊಗೇಲಿ ದಿನಾ ಕೂತು ಊದೋಕಾಗ್ತದಾ? ಅಮ್ಮ ಹೋಗಿ ಒಂದು ವಾರಕ್ಕೇ ಗೀಸರ್ ಹಾಕ್ಸಿದ್ವಿ” ಎಂದ.