ಮೂತಿ ಗಾಳಿಗೆ, ಚಕ್ರ ರನ್‌ವೇಗೆ: ಅಡ್ಡಗಾಳಿಯಲ್ಲಿ ವಿಮಾನ ಇಳಿಸುವ ಬಗೆ

ಆಷಾಢದ ಗಾಳಿ ಶುರುವಾದರೆ ಸಾಕು, ಚಿಕ್ಕಬಳ್ಳಾಪುರದ ವಾಟ್ಸಾಪ್ ಗುಂಪುಗಳಲ್ಲಿ ಯಾವುದೋ ದೇಶದ ವಿಡಿಯೋ ಒಂದು ಸುತ್ತತೊಡಗುತ್ತದೆ. ದೊಡ್ಡ ವಿಮಾನವೊಂದು ಏಡಿಯ ಹಾಗೆ ಓರೆಯಾಗಿ ಇಳಿಯುತ್ತಿರುತ್ತದೆ, ಕೆಳಗೆ ‘ಪೈಲಟ್ ಕೈ ತಪ್ಪಿತು’ ಅನ್ನುವ ಒಕ್ಕಣೆ. ಆ ಒಕ್ಕಣೆ ಶುದ್ಧ ತಪ್ಪು. ಓರೆಯಾಗಿ ಬರುತ್ತಿದೆ ಅಂದರೆ ಅದು ಸರಿಯಾಗಿಯೇ ಹಾರುತ್ತಿದೆ. ಕೈ ತಪ್ಪುವುದಿದ್ದರೆ ಚಕ್ರ ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ, ಇಲ್ಲವೇ ಮುಟ್ಟಿದ ಮೇಲೆ.

ಅಂದಹಾಗೆ, ನಮ್ಮ ಆಷಾಢದ ಗಾಳಿ ಎಷ್ಟೇ ಜೋರಾಗಿ ಬೀಸಿದರೂ ದೇವನಹಳ್ಳಿಯಲ್ಲಿ ಇಳಿಯುವವರಿಗೆ ದೊಡ್ಡ ತಲೆನೋವಲ್ಲ. ಅಲ್ಲಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಒಂದು ತುದಿಯ ಹೆಸರು 09, ಇನ್ನೊಂದರದು 27. ಅಂದರೆ ದಿಕ್ಸೂಚಿಯಲ್ಲಿ ಸುಮಾರು 90 ಮತ್ತು 270 ಡಿಗ್ರಿ. ಮಳೆಗಾಲದ ಗಾಳಿ ಹೆಚ್ಚಾಗಿ ಪಡುವಣದಿಂದ ಬರುವುದರಿಂದ ವಿಮಾನಗಳು 27ರ ಮೇಲೆ ಅದಕ್ಕೆ ಎದುರಾಗಿ ಇಳಿಯುತ್ತವೆ. ಚಳಿಗಾಲದಲ್ಲಿ ಮೂಡಲ ಗಾಳಿ, ಆಗ ಹೆಚ್ಚಾಗಿ 09. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ 44ನೇ ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಕಣ್ಣಿಗೇ ಕಾಣುತ್ತದೆ: ಒಂದು ಕಾಲದಲ್ಲಿ ರಸ್ತೆಯ ಮೇಲೆ ಏರುವ ವಿಮಾನ, ಇನ್ನೊಂದು ಕಾಲದಲ್ಲಿ ಇಳಿಯುವ ವಿಮಾನ. ರನ್‌ವೇಯ ದಿಕ್ಕು ಆರಿಸುವಾಗಲೇ ಇದರ ಲೆಕ್ಕ ಮುಗಿದಿರುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸಿನಂತೆ ಕನಿಷ್ಠ 95 ಶೇಕಡಾ ಸಮಯ ಅಡ್ಡಗಾಳಿ ಮಿತಿಯೊಳಗೇ ಇರಬೇಕು. ಉದ್ದದ ರನ್‌ವೇಗೆ ಆ ಮಿತಿ 20 ನಾಟ್, ಅಂದರೆ ಗಂಟೆಗೆ 37 ಕಿ.ಮೀ.

ನಿಜವಾದ ಕಾಟ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯದು. ಶ್ರೀನಿವಾಸಪುರ, ಚಿಂತಾಮಣಿ ಕಡೆಯ ತೋಪುಗಳಲ್ಲಿ ಮಾವು ಉದುರಿಸುವ ಆ ಗಾಳಿಗೆ ದಿಕ್ಕಿಲ್ಲ, ದೆಸೆಯಿಲ್ಲ. ಮೋಡದಿಂದ ಕೆಳಕ್ಕೆ ಸುರಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮೋಡ ಎಲ್ಲಿದೆ ಅನ್ನುವುದರ ಮೇಲೆ ಅದು ಯಾವ ಕಡೆಯಿಂದಲಾದರೂ ಬಂದೀತು, ನಿಮಿಷಗಳಲ್ಲಿ ದಿಕ್ಕು ಬದಲಿಸೀತು. ಇಲ್ಲಿ ಒಂದು ಸಂಗತಿ ನೆನಪಿಡಬೇಕು: ಇಳಿಯುವಾಗ ನಿಲ್ದಾಣದ ಟವರ್ ಹೇಳುವ ಗಾಳಿ ಹಿಂದಿನ 2 ನಿಮಿಷದ ಸರಾಸರಿ, ಮೆಟಾರ್ ಅನ್ನುವ ನಿಲ್ದಾಣದ ಹವಾಮಾನ ವರದಿಯದು 10 ನಿಮಿಷದ ಸರಾಸರಿ. ಗುಡುಗು ಮೋಡ ಹತ್ತಿರವಿದ್ದಾಗ ಹಳೆಯ ಮೆಟಾರ್ ನಂಬಿ ಕೂತರೆ ಕೆಟ್ಟಂತೆ.

ಈಗ ಲೆಕ್ಕ. ಟವರ್ ‘230 ಡಿಗ್ರಿ, 25 ನಾಟ್, ಗಸ್ಟ್ 35’ ಅಂದಿತು (230 ಡಿಗ್ರಿ ಗಾಳಿ ಬರುವ ದಿಕ್ಕು, ಗಸ್ಟ್ ಅಂದರೆ ನಡುನಡುವೆ ನುಗ್ಗುವ ಜೋರು ಗಾಳಿ), ರನ್‌ವೇ 27 ಅನ್ನಿ. ನಡುವಿನ ಕೋನ 40 ಡಿಗ್ರಿ, ಅದರ ಸೈನ್ 0.64. ಹಾಗಾಗಿ ಎಡದಿಂದ ಬರುವ ಅಡ್ಡಗಾಳಿ 16 ನಾಟ್, ಗಸ್ಟ್ ಬಂದಾಗ 22ರ ಮೇಲೆ. ಕಾಕ್‌ಪಿಟ್‌ನಲ್ಲಿ ಸೈನ್ ಕೋಷ್ಟಕ ಹುಡುಕುತ್ತಾ ಕೂರಲು ಆಗುವುದಿಲ್ಲವಲ್ಲ, ಗಡಿಯಾರದ ಮುಳ್ಳು ನೆನೆಸಿಕೊಳ್ಳುತ್ತಾರೆ: 15 ಡಿಗ್ರಿಗೆ ಕಾಲು ಭಾಗ, 30ಕ್ಕೆ ಅರ್ಧ, 45ಕ್ಕೆ ಮುಕ್ಕಾಲು, 60 ದಾಟಿದರೆ ಪೂರ್ತಿ. ಈ ಗಾಳಿಯಲ್ಲಿ ಏರ್‌ಬಸ್ ಎ320 ಆರಾಮವಾಗಿ ಇಳಿಯುತ್ತದೆ, ಅದಕ್ಕೆ ಗಸ್ಟ್ ಸೇರಿ 38 ನಾಟ್‌ವರೆಗೆ ಅವಕಾಶವಿದೆ. ತರಬೇತಿಯ ಸೆಸ್ನಾ 172 ಹ್ಯಾಂಗರಿನಲ್ಲೇ ಇರಲಿ. ಅದರ ಕೈಪಿಡಿಯಲ್ಲಿರುವ 15 ನಾಟ್ ಪರೀಕ್ಷೆಯಲ್ಲಿ ಮಾಡಿ ತೋರಿಸಿದ ಅಂಕಿ, ಕಾನೂನಿನ ಗೆರೆಯಲ್ಲ ನಿಜ. ಆದರೆ ಮಾಡಿ ತೋರಿಸಿದವರು ಪಳಗಿದ ಕೈಗಳು ಅನ್ನುವುದನ್ನು ಕಲಿಯುವ ಹುಡುಗರು ಮರೆಯುತ್ತಾರೆ.

ಅಡ್ಡಗಾಳಿ ವಿಮಾನವನ್ನು ರನ್‌ವೇಯ ನೇರದಿಂದ ಆಚೆ ತಳ್ಳದಂತೆ ಮೂತಿಯನ್ನು ಗಾಳಿಯ ಕಡೆಗೆ ಎಷ್ಟು ತಿರುಗಿಸಬೇಕು? ಅಡ್ಡಗಾಳಿಯನ್ನು 60ರಿಂದ ಗುಣಿಸಿ ವಿಮಾನದ ವೇಗದಿಂದ ಭಾಗಿಸಿದರೆ ಕೋನ ಸಿಗುತ್ತದೆ. 140 ನಾಟ್‌ನಲ್ಲಿ ಬರುವ ಜೆಟ್‌ಗೆ 16 ನಾಟ್ ಅಡ್ಡಗಾಳಿಯಿದ್ದರೆ ಸುಮಾರು 7 ಡಿಗ್ರಿ. 65 ನಾಟ್‌ನಲ್ಲಿ ಬರುವ ಸೆಸ್ನಾಕ್ಕೆ ಬರೀ 10 ನಾಟ್ ಗಾಳಿಗೇ 9 ಡಿಗ್ರಿ ಬೇಕು. ನಿಧಾನ ಹೋಗುವವರಿಗೇ ಗಾಳಿಯ ಪೆಟ್ಟು ಹೆಚ್ಚು. ರೆಕ್ಕೆ ಮಟ್ಟವಾಗಿರುತ್ತದೆ, ರಡ್ಡರ್ (ಕಾಲಿನಿಂದ ಒತ್ತಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಮೇಲೆ ಒತ್ತಡವಿಲ್ಲ. ಇದೇ ಕ್ರ್ಯಾಬ್, ಅಂದರೆ ಏಡಿ ನಡೆ.

ಕಷ್ಟವೆಲ್ಲ ಕೊನೆಯಲ್ಲಿ. ಎ320 ಆದರೆ ಸುಮಾರು 30 ಅಡಿಯಲ್ಲಿ ಫ್ಲೇರ್, ಅಂದರೆ ಮೂತಿ ತುಸು ಎತ್ತಿ ಇಳಿಕೆ ನಿಧಾನಿಸುವುದು, ಶುರು. ಗಾಳಿ ಎಡದಿಂದ ಇದ್ದರೆ ಮೂತಿ ರನ್‌ವೇಯ ಎಡಕ್ಕೆ ನೋಡುತ್ತಿರುತ್ತದೆ, ಅದನ್ನು ನಡುಗೆರೆಗೆ ತರಲು ಬಲಗಾಲಿನ ರಡ್ಡರ್ ಒತ್ತಬೇಕು. ಒತ್ತಿದ ಕೂಡಲೇ ಎಡ ರೆಕ್ಕೆ ಮುಂದಕ್ಕೆ ಬೀಸಿ, ಗಾಳಿ ಹೆಚ್ಚು ತಾಗಿ, ಮೇಲೇಳುತ್ತದೆ. ಹಾಗಾಗಿ ಕಾಲು ಬಲಕ್ಕೆ ಹೋಗುವಾಗಲೇ, ರೆಕ್ಕೆ ವಾಲಿಸುವ ಹಿಡಿಯ ಮೇಲಿನ ಕೈ ಎಡಕ್ಕೆ ಹೋಗಬೇಕು. ಕಾಲೊಂದು ದಿಕ್ಕು, ಕೈಯೊಂದು ದಿಕ್ಕು. ಕಲಿಯುವವರು ಎಡವುವುದು ಇಲ್ಲೇ. ರಡ್ಡರನ್ನು ಬೇಗ ಒತ್ತಿದರೆ ವಿಮಾನ ನೆಲ ಮುಟ್ಟುವಷ್ಟರಲ್ಲಿ ಗಾಳಿ ಅದನ್ನು ಬಲಕ್ಕೆ ತಳ್ಳಿಕೊಂಡು ಹೋಗುತ್ತದೆ. ತಡವಾದರೆ ಚಕ್ರ ಓರೆಯಾಗಿಯೇ ನೆಲಕ್ಕೆ ಬಿದ್ದು ಟೈರು ಮತ್ತು ಚಕ್ರದ ಕಾಲುಗಳ ಮೇಲೆ ಪಕ್ಕದ ಹೊರೆ ಬೀಳುತ್ತದೆ. ಗಾಳಿ ತೀರಾ ಜೋರಿದ್ದಾಗ ಏರ್‌ಬಸ್ಸಿನಲ್ಲಿ 5 ಡಿಗ್ರಿವರೆಗೆ ಓರೆ ಉಳಿಸಿಕೊಂಡೇ ಇಳಿಯಬಹುದು, ರೆಕ್ಕೆಯ ವಾಲಿಕೆಯೂ 5 ಡಿಗ್ರಿ ಮೀರಬಾರದು. ರೆಕ್ಕೆಯ ಕೆಳಗೆ ತೂಗುವ ಎಂಜಿನ್ನು ನೆಲಕ್ಕೆ ಉಜ್ಜೀತೆಂಬ ಭಯ. ಸೆಸ್ನಾದ ರೆಕ್ಕೆ ತಲೆಯ ಮೇಲಿರುವುದರಿಂದ ಅದಕ್ಕೆ ಈ ಚಿಂತೆಯಿಲ್ಲ: ಗಾಳಿಯ ಕಡೆಯ ರೆಕ್ಕೆ ತಗ್ಗಿಸಿ, ಎದುರು ರಡ್ಡರ್ ಒತ್ತಿ, ಮೊದಲು ಗಾಳಿಯ ಕಡೆಯ ಒಂದೇ ಚಕ್ರ, ಆಮೇಲೆ ಇನ್ನೊಂದು, ಕೊನೆಗೆ ಮುಂದಿನದು. ಒಂಟಿ ಚಕ್ರದ ಮೇಲೆ ಇಳಿಯುವುದು ನೋಡುವವರಿಗೆ ಗಾಬರಿ ಹುಟ್ಟಿಸಿದರೂ ಅದೇ ಸರಿಯಾದ ಇಳಿಕೆ.

ಚಕ್ರ ಮುಟ್ಟಿತೆಂದು ಕೈ ಸಡಿಲಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ವೇಗ ಇಳಿದಷ್ಟೂ ಏಲರಾನ್‌ಗೆ (ರೆಕ್ಕೆಯ ಹಿಂದಂಚಿನ, ವಿಮಾನ ವಾಲಿಸುವ ಪಟ್ಟಿ) ಸಿಗುವ ಗಾಳಿ ಕಡಿಮೆಯಾಗುತ್ತದೆ, ಹಾಗಾಗಿ ಸೆಸ್ನಾದಲ್ಲಿ ಅದನ್ನು ಗಾಳಿಯ ಕಡೆಗೆ ಹೆಚ್ಚಿಸುತ್ತಾ ಹೋಗಿ ಕೊನೆಗೆ ಪೂರ್ತಿ ತಿರುಗಿಸಿಡಬೇಕು. ಜೆಟ್‌ನಲ್ಲಿ ಅಷ್ಟೊಂದು ತಿರುಗಿಸುವ ರೂಢಿಯಿಲ್ಲ. ಬಾಲದ ದೊಡ್ಡ ರೆಕ್ಕೆಗೆ ಗಾಳಿ ಹೊಡೆದು ಮೂತಿ ಗಾಳಿಯತ್ತ ತಿರುಗಲು ನೋಡುತ್ತದೆ, ಅದನ್ನು ರಡ್ಡರ್ ತಡೆಯಬೇಕು.

ರನ್‌ವೇ ಒದ್ದೆಯಿದ್ದರೆ ಕಥೆ ಬೇರೆ. ಟೈರಿನ ಒತ್ತಡ ಪಿಎಸ್‌ಐನಲ್ಲಿ ಎಷ್ಟಿದೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ. ನೀರು ನಿಂತ ಕಡೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುವ ವೇಗ ನಾಟ್‌ನಲ್ಲಿ ಸಿಗುತ್ತದೆ. 200 ಪಿಎಸ್‌ಐಗೆ 127 ನಾಟ್. ಆ ಹೊತ್ತಿನಲ್ಲಿ ಮೂತಿ ಎಡಕ್ಕೆ ಓರೆಯಾಗಿದ್ದು ರಿವರ್ಸ್ ಥ್ರಸ್ಟ್ (ವೇಗ ತಗ್ಗಿಸಲು ಎಂಜಿನ್ನಿನ ಬಲವನ್ನು ಉಲ್ಟಾ ತಿರುಗಿಸುವುದು) ಹಾಕಿದರೆ, ಆ ಬಲ ವಿಮಾನವನ್ನು ಹಿಂದಕ್ಕಷ್ಟೇ ಅಲ್ಲ, ಬಲ ಅಂಚಿನ ಕಡೆಗೂ ಎಳೆಯುತ್ತದೆ. ಗಾಬರಿಯಲ್ಲಿ ಇನ್ನಷ್ಟು ಬ್ರೇಕ್ ಒತ್ತಿದರೆ ಟೈರಿಗೆ ಪಕ್ಕದ ಹಿಡಿತ ಇನ್ನೂ ಕಡಿಮೆ. ಮಾಡಬೇಕಾದದ್ದು ಉಲ್ಟಾ: ರಿವರ್ಸನ್ನು ಐಡಲ್‌ಗೆ, ಅಂದರೆ ತೀರಾ ಕಡಿಮೆ ಬಲಕ್ಕೆ ತಂದು, ಬ್ರೇಕ್ ಬಿಟ್ಟು, ರಡ್ಡರಿನಿಂದ ನಡುಗೆರೆಗೆ ಮರಳಿ, ಆಮೇಲೆ ಎರಡನ್ನೂ ಮತ್ತೆ ಹಾಕುವುದು. 4,000 ಮೀಟರ್ ರನ್‌ವೇಯಲ್ಲಿ ಅಷ್ಟು ಜಾಗ ಧಾರಾಳ.

ಗಸ್ಟ್ ಅಂದರೆ ಏನೆಂದು ತಿಳಿಯಲು ಹೆದ್ದಾರಿಯಲ್ಲಿ ಬೈಕಿನಲ್ಲಿ ಲಾರಿ ಹಿಂದಿಕ್ಕಿದರೆ ಸಾಕು: ಲಾರಿಯ ಮರೆ ಇರುವವರೆಗೆ ಸುಮ್ಮನಿದ್ದ ಗಾಳಿ, ಮರೆ ತಪ್ಪಿದ ಕೂಡಲೇ ಪಕ್ಕೆಗೆ ಗುದ್ದುತ್ತದೆ. ರನ್‌ವೇ ಪಕ್ಕದ ಹ್ಯಾಂಗರುಗಳೂ ಅದೇ ಕೆಲಸ ಮಾಡುತ್ತವೆ. ಸಣ್ಣ ವಿಮಾನದಲ್ಲಿ ಗಸ್ಟಿನ ವ್ಯತ್ಯಾಸದ ಅರ್ಧದಷ್ಟು ವೇಗ ಸೇರಿಸಿಕೊಳ್ಳುತ್ತಾರೆ, 10 ನಾಟ್ ಏರಿಳಿತಕ್ಕೆ 5. ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನಡುಗೆರೆಗೆ ಬರುತ್ತಿಲ್ಲ ಅಂದರೆ ಆ ಗಾಳಿ ಆ ವಿಮಾನದ ಶಕ್ತಿಗೆ ಮೀರಿದ್ದು. ಪವರ್ ಕೊಟ್ಟು ಮೇಲೆದ್ದುಬಿಡಬೇಕು, ಗೋ-ಅರೌಂಡ್‌ನಲ್ಲಿ ಅವಮಾನವೇನಿಲ್ಲ.

ಇಳಿದ ಮೇಲೂ ಸೆಸ್ನಾದವರಿಗೆ ಬಿಡುವಿಲ್ಲ. ಟ್ಯಾಕ್ಸಿಯಲ್ಲಿ, ಅಂದರೆ ನೆಲದ ಮೇಲೆ ಉರುಳಿಕೊಂಡು ಹೋಗುವಾಗ, ಗಾಳಿ ಮುಂದಿನ ಓರೆಯಿಂದ ಇದ್ದರೆ ಹಿಡಿಯನ್ನು ಗಾಳಿಯ ಕಡೆಗೆ ತಿರುಗಿಸಿಡಬೇಕು, ಹಿಂದಿನ ಓರೆಯಿಂದ ಇದ್ದರೆ ಗಾಳಿಯಿಂದ ಆಚೆಗೆ ತಿರುಗಿಸಿ ಮುಂದಕ್ಕೆ ಒತ್ತಿಡಬೇಕು. ಇಲ್ಲದಿದ್ದರೆ ಹಿಂದಿನಿಂದ ಬಂದ ಗಾಳಿ ಬಾಲ ಎತ್ತಿ ಮಗುಚಬಹುದು. ನಿಲ್ಲಿಸಿದ ಮೇಲೆ ಚಕ್ರಕ್ಕೆ ಅಡ್ಡಗಟ್ಟೆ, ಹಿಡಿಗೆ ಲಾಕು, ಎರಡು ರೆಕ್ಕೆ ಮತ್ತು ಬಾಲಕ್ಕೆ ಹಗ್ಗ.