ಮೊದಲು ಕೃತಜ್ಞತೆ, ಉಳಿದದ್ದು ಆಮೇಲೆ

ಮಂಗಳೂರಿನ ಬಾವುಟಗುಡ್ಡೆ ಹತ್ತಿ ನಮ್ಮ ಸಂತ ಅಲೋಶಿಯಸ್ ಕಾಲೇಜಿಗೆ ಬರುವ ಹೊರಗಿನವರು ಮೊದಲು ಕೇಳುವುದು ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ಎಲ್ಲಿ ಅಂತ. ಇಟಲಿಯಿಂದ ಬಂದ ಬ್ರದರ್ ಅಂತೋನಿಯೋ ಮೊಸ್ಕೇನಿ 1899ರಲ್ಲಿ ಕುಂಚ ಹಿಡಿದು, 1901ರ ಹೊತ್ತಿಗೆ ಗೋಡೆ, ಚಾವಣಿ ಎಲ್ಲ ಚಿತ್ರಗಳಿಂದ ತುಂಬಿಸಿದ ಜಾಗ ಅದು. ಕತ್ತೆತ್ತಿ ನೋಡಿದರೆ ಅಲೋಶಿಯಸ್ ಗೊನ್ಜಾಗನ ಬದುಕು ಕಾಣುತ್ತದೆ. ದೊಡ್ಡ ಮನೆತನ ಬಿಟ್ಟು ಯೇಸುಸಭೆ, ಅಂದರೆ ಜೆಸುಯಿಟ್ ಗುರುಗಳ ಸಭೆ, ಸೇರಿದ ಹುಡುಗ. ರೋಮಿನಲ್ಲಿ ಪ್ಲೇಗ್ ಹಬ್ಬಿದಾಗ ರೋಗಿಗಳ ಸೇವೆ ಮಾಡಿ, 1591ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ. ಚಾಪೆಲ್ ಬಗ್ಗೆ ಈ ಪತ್ರಿಕೆಯಲ್ಲಿ ಎಷ್ಟೋ ಜನ ಬರೆದಿದ್ದಾರೆ. ನಾನು ಬರೆಯಬೇಕು ಅಂದುಕೊಂಡದ್ದು ಹಾಸ್ಟೆಲ್ಲಿನ ಹತ್ತು ನಿಮಿಷದ ಬಗ್ಗೆ.

ರಾತ್ರಿ ಊಟ ಮುಗಿದು ಸ್ಟಡಿಗೆ ಕೂರುವ ಮುಂಚೆ ನಮ್ಮ ವಾರ್ಡನ್ ಫಾದರ್ ಇಷ್ಟವಿದ್ದವರನ್ನು ಹಾಲ್‌ನಲ್ಲಿ ಕೂರಿಸುತ್ತಿದ್ದರು. ಕಡ್ಡಾಯ ಇರಲಿಲ್ಲ. ಇದಕ್ಕೆ ಎಕ್ಸಾಮೆನ್ ಅಂತ ಹೆಸರು, ದಿನದ ಆತ್ಮಶೋಧನೆ. ಯೇಸುಸಭೆಯ ಗುರುಗಳು ಸಭೆ ಕಟ್ಟಿದ ಸಂತ ಇಗ್ನೇಷಿಯಸರ ಕಾಲದಿಂದ ಮಾಡಿಕೊಂಡು ಬಂದದ್ದು. ಆತ್ಮಶೋಧನೆ ಅಂದ ಕೂಡಲೇ ನಮ್ಮಂಥ ಕ್ಯಾಥೋಲಿಕ್ ಹುಡುಗರಿಗೆ ನೆನಪಾಗುವುದು ಪಾಪನಿವೇದನೆ. ಇವತ್ತು ಏನು ತಪ್ಪು ಮಾಡಿದೆ, ಯಾರಿಗೆ ಸುಳ್ಳು ಹೇಳಿದೆ ಅಂತ ಪಟ್ಟಿ ಮಾಡೋದು. ಫಾದರ್ ಅಲ್ಲಿಂದ ಶುರು ಮಾಡಲು ಬಿಡುತ್ತಲೇ ಇರಲಿಲ್ಲ. ಮೊದಲು ದೇವರಿಗೆ ಕೃತಜ್ಞತೆ. ಆಮೇಲೆ ಬೆಳಕು ಕೊಡು ಅಂತ ಬೇಡುವುದು. ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ತಿರುಗಿ ನೋಡುವುದು. ತಪ್ಪಿಗೆ ಕ್ಷಮೆ, ನಾಳೆಗೆ ನಿರ್ಧಾರ ಎಲ್ಲ ಕೊನೆಗೆ. ಈ ಕ್ರಮ ಫಾದರ್ ತಾವೇ ಮಾಡಿಕೊಂಡದ್ದಲ್ಲ, ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದಲ್ಲೇ ಹೀಗೆ ಇದೆ. 1548ರಲ್ಲಿ ಅಚ್ಚಾದ ಪುಸ್ತಕ ಅದು.

ಕೃತಜ್ಞತೆ ಹೇಳುವುದಕ್ಕೂ ಒಂದು ನಿಯಮ ಇತ್ತು. ಒಳ್ಳೆಯ ಆರೋಗ್ಯ, ಒಳ್ಳೆಯ ತಂದೆ ತಾಯಿ, ಇಂಥದ್ದು ನಡೆಯುತ್ತಿರಲಿಲ್ಲ. "ಅದು ನಿನ್ನೆನೂ ಇತ್ತಲ್ಲ ಮಾರಾಯ, ಇವತ್ತಿನದು ಹೇಳು" ಅನ್ನುತ್ತಿದ್ದರು. ಒಬ್ಬ ಹುಡುಗ ತುಂಬ ಹೊತ್ತು ಯೋಚಿಸಿ "ಮಧ್ಯಾಹ್ನ ಬಂಗುಡೆ ಸಾರು ಇತ್ತು ಫಾದರ್" ಅಂದ. ನಾವೆಲ್ಲ ನಕ್ಕೆವು. ಫಾದರ್ ನಗಲಿಲ್ಲ. ಆ ಬಂಗುಡೆ ಎಲ್ಲಿಂದ ಬಂತು ಅಂತ ಕೇಳಿದರು. ದಕ್ಕೆಯಿಂದ, ಅಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಡೆಯಿಂದ. ದಕ್ಕೆಗೆ ತಂದವರು ಯಾರು, ಅವರು ಎಷ್ಟು ಹೊತ್ತಿಗೆ ಕಡಲಿಗೆ ಹೋಗಿರಬಹುದು, ಬುಟ್ಟಿ ಹೊತ್ತ ಹೆಂಗಸು ಯಾರು, ಮಸಾಲೆ ಕಡೆದದ್ದು ಯಾರು. ಅಡುಗೆ ಮಾಡುವವರ ಹೆಸರು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಅವತ್ತು ರಾತ್ರಿಯೇ ಹೋಗಿ ಕೇಳಿಕೊಂಡು ಬಂದೆವು. ಇನ್ನೊಬ್ಬ, ಬೆಳಗ್ಗೆ ಹಂಪನಕಟ್ಟೆಯಲ್ಲಿ ತಾನು ಓಡಿ ಬರುವುದನ್ನು ನೋಡಿ ಸಿಟಿ ಬಸ್ಸಿನ ಕಂಡಕ್ಟರ್ ವಿಸಿಲ್ ಹಾಕದೆ ನಿಂತಿದ್ದ ಅಂತ ಹೇಳಿದ. ಮಂಗಳೂರಿನ ಸಿಟಿ ಬಸ್ ಗೊತ್ತಿದ್ದವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಅರ್ಥವಾಗುತ್ತದೆ!

ಹೀಗೆ ದಿನಾ ಮಾಡಿದರೆ ಏನಾಗುತ್ತದೆ ಅಂದರೆ, ಮನಸ್ಸಿನೊಳಗೆ ಏನು ನಡೆಯುತ್ತಿದೆ ಅಂತ ಕಾಣೋಕೆ ಶುರುವಾಗುತ್ತದೆ. ವಿವೇಚನೆ ಅಂತ ನಮ್ಮ ಗುರುಗಳು ಹೇಳುವುದು ಇದನ್ನೇ. ಯಾವ ಯೋಚನೆ ದೇವರ ಕಡೆ ಎಳೆಯುತ್ತದೆ, ಯಾವುದು ದೂರ ತಳ್ಳುತ್ತದೆ ಅಂತ ಗುರುತಿಸುವುದು. ಇಗ್ನೇಷಿಯಸರು ಇದನ್ನು ಕಲಿತದ್ದು ಹಾಸಿಗೆ ಮೇಲೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಲೊಯೋಲದ ತಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದೋಕೆ ವೀರರ ಸಾಹಸದ ಕಥೆ ಕೇಳಿದರು. ಅದು ಮನೆಯಲ್ಲಿ ಇರಲಿಲ್ಲ, ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಮಲಗಿದಲ್ಲೇ ಎರಡು ಥರದ ಕನಸು ಕಾಣುತ್ತಿದ್ದರು. ಒಂದು, ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವುದು. ಇನ್ನೊಂದು, ಸಂತ ಫ್ರಾನ್ಸಿಸ್, ಸಂತ ಡೊಮಿನಿಕರ ಹಾಗೆ ಬದುಕುವುದು. ಎರಡೂ ಆ ಹೊತ್ತಿಗೆ ಖುಷಿ ಕೊಡುತ್ತಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು, ಎರಡನೆಯದರ ಖುಷಿ ಹಾಗೇ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದೇ ಶುರು. ಎಂಥ ಸರಳ ವಿಷಯ, ಆದರೆ ನಾವು ಎಷ್ಟು ಜನ ಗಮನಿಸುತ್ತೇವೆ? ಮೊಬೈಲ್ ಕೆಳಗಿಟ್ಟ ಮೇಲೆ ಮನಸ್ಸು ಹೇಗಿದೆ ಅಂತ ಯಾರು ನೋಡುತ್ತಾರೆ, ಅಲ್ವಾ?

ವಿವೇಚನೆಗೂ ಕೃತಜ್ಞತೆಗೂ ಏನು ಸಂಬಂಧ ಅಂತ ನಾನು ಒಮ್ಮೆ ಕೇಳಿದ್ದೆ. ಫಾದರ್ ಬೈಬಲ್ ತೆಗೆದು ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರದ ಐದನೇ ಅಧ್ಯಾಯ ತೋರಿಸಿದರು. 18ನೇ ವಚನದಲ್ಲಿ ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸಿ ಅಂತಿದೆ. 21ನೇ ವಚನದಲ್ಲಿ ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತಿದೆ. ಒಂದೇ ಉಸಿರಿನಲ್ಲಿ ಹೇಳಿದ ಮಾತು. ಇಗ್ನೇಷಿಯಸರು 1542ರಲ್ಲಿ ತಮ್ಮ ಸಂಗಡಿಗ ಸಿಮಾವೊ ರೊಡ್ರಿಗಸ್‌ಗೆ ಬರೆದ ಪತ್ರದಲ್ಲಿ ಎಲ್ಲ ಪಾಪಗಳಿಗೂ ಮೂಲ ಕೃತಘ್ನತೆಯೇ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ನನಗೆ ಅರ್ಥವಾದದ್ದು ಇಷ್ಟು. ಸಿಕ್ಕಿದ್ದನ್ನು ಕಾಣದ ಕಣ್ಣಿಗೆ ಯಾವಾಗಲೂ ಕೊರತೆಯೇ ಕಾಣುತ್ತದೆ, ಕೊರತೆ ನೋಡಿಕೊಂಡು ಮಾಡಿದ ತೀರ್ಮಾನ ಹೆಚ್ಚಾಗಿ ಭಯದ ತೀರ್ಮಾನ ಆಗಿರುತ್ತದೆ.

ಡಿಗ್ರಿ ಮುಗಿದಾಗ ನನ್ನ ಮುಂದೆ ಎರಡು ದಾರಿ ಇತ್ತು. ಊರಲ್ಲೇ ಒಂದು ಶಾಲೆಯಲ್ಲಿ ಕೆಲಸ, ಇಲ್ಲಾ ದುಬೈಯಲ್ಲಿ ಅಕೌಂಟ್ಸ್. ನಮ್ಮ ಕಡೆ ಎಷ್ಟು ಮನೆಯಲ್ಲಿ ಈ ಪ್ರಶ್ನೆ ಬಂದಿಲ್ಲ ಹೇಳಿ. ಎರಡೂ ಒಳ್ಳೆಯದೇ. ಕಷ್ಟ ಇರುವುದೇ ಅಲ್ಲಿ, ಒಳ್ಳೆಯದು ಕೆಟ್ಟದ್ದರ ನಡುವೆ ಆರಿಸಲು ವಿವೇಚನೆ ಜಾಸ್ತಿ ಬೇಕಾಗಿಲ್ಲ. ಫಾದರ್ ಹತ್ತಿರ ಹೋದಾಗ ನಾನು ತುಂಬ ಕುಗ್ಗಿದ್ದೆ. ಅವರು ಮೊದಲು ಹೇಳಿದ್ದು, ಮನಸ್ಸು ಹೀಗಿರುವಾಗ ಏನನ್ನೂ ಬದಲಾಯಿಸಬೇಡ ಅಂತ. ಇದೂ ಇಗ್ನೇಷಿಯಸರದೇ ನಿಯಮ, ಮನಸ್ಸು ಕತ್ತಲಲ್ಲಿರುವಾಗ ಮುಂಚೆ ಮಾಡಿದ ನಿರ್ಧಾರದಲ್ಲೇ ಗಟ್ಟಿಯಾಗಿ ನಿಲ್ಲು. ಆಮೇಲೆ ಹೇಳಿದರು, ಕೆಲವು ದಿನ ದುಬೈಗೆ ಹೋಗುವುದು ಅಂತ ತೀರ್ಮಾನ ಆಗಿಬಿಟ್ಟಿದೆ ಅಂದುಕೊಂಡು ಓಡಾಡು, ರಾತ್ರಿ ಮನಸ್ಸು ಹೇಗಿದೆ ನೋಡು. ಆಮೇಲೆ ಕೆಲವು ದಿನ ಇಲ್ಲೇ ಇರುವುದು ಅಂದುಕೊಂಡು ನೋಡು. ಯಾರ ಹತ್ತಿರವೂ ಹೇಳಬೇಡ. ನಾನು ಹಾಗೇ ಮಾಡಿದೆ. ಹೋಗುವ ದಿನಗಳಲ್ಲಿ ಹೆದರಿಕೆ ಇತ್ತು, ಆದರೆ ಅದರ ಅಡಿಯಲ್ಲಿ ಒಂದು ಸಮಾಧಾನ ಇತ್ತು. ಹೋದೆ.

ದುಬೈಯಲ್ಲಿ ಆಗ ವಾರದ ರಜೆ ಶುಕ್ರವಾರ. ಊದ್ ಮೇತಾದ ಸಂತ ಮರಿಯಮ್ಮನ ಇಗರ್ಜಿ, ಅಂದರೆ ಚರ್ಚಿನಲ್ಲಿ ಶುಕ್ರವಾರದ ಪೂಜೆಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಲ್ಲಿ ಸೆಪ್ಟೆಂಬರ್ ಬಂದರೆ ನನ್ನ ಜೀವ ಊರಲ್ಲಿ. ಸೆಪ್ಟೆಂಬರ್ 8 ಅಂದರೆ ಮೊಂತಿ ಫೆಸ್ತ್, ಮಾತೆ ಮರಿಯಮ್ಮ ಹುಟ್ಟಿದ ಹಬ್ಬ. ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುವುದು, ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಗೆ ತಂದು ಕಾಳು ಬಿಡಿಸಿ ಪುಡಿ ಮಾಡಿ ಹಾಲಿಗೆ ಸೇರಿಸಿ ಎಲ್ಲರಿಗೂ ಒಂದೊಂದು ಗುಟುಕು. ಅವತ್ತು ಮೀನು ಮಾಂಸ ಇಲ್ಲ, ಬರೀ ತರಕಾರಿ ಊಟ. ಅಮ್ಮ ಒಂದೆರಡು ತೆನೆ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದರು. ಲಕೋಟೆ ತಲುಪುವಾಗ ಹಬ್ಬ ಮುಗಿದಿರುತ್ತಿತ್ತು, ಆದರೂ ನಾನು ಕಾಳು ಬಿಡಿಸಿ ರೂಮಿನವರಿಗೆಲ್ಲ ಹಂಚಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದೆ.

ಆ ರೂಮಿನಲ್ಲೇ ಒಬ್ಬನಿಗೆ ಕಂಪನಿಯವರು ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಕಷ್ಟದಲ್ಲಿ ಇರುವವನಿಗೆ "ದೇವರಿಗೆ ಕೃತಜ್ಞತೆ ಹೇಳು, ಎಲ್ಲ ಸರಿಹೋಗುತ್ತದೆ" ಅಂತ ಸುಮ್ನೆ ಉಪದೇಶ ಕೊಡುವುದು ಕ್ರೂರ. ಆ ವಚನದಲ್ಲಿ ಪೌಲರು ಹೇಳಿದ್ದು ಎಲ್ಲದರಲ್ಲೂ ಅಂತ, ಎಲ್ಲದಕ್ಕೂ ಅಂತ ಅಲ್ಲ. ಸಂಬಳ ಹಿಡಿದದ್ದು ಅನ್ಯಾಯ, ಅದಕ್ಕೆ ಯಾರೂ ಕೃತಜ್ಞತೆ ಹೇಳಬೇಕಾಗಿಲ್ಲ. ಆದರೆ ಆ ಗೆಳೆಯ ಪ್ರತಿ ರಾತ್ರಿ ತನಗೆ ಅಕ್ಕಿ ಕೊಟ್ಟವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದ, ಬೆಳಗ್ಗೆ ಎದ್ದು ಕಾಗದಪತ್ರ ಹಿಡಿದು ಕಾರ್ಮಿಕ ಕಚೇರಿಗೆ ಹೋಗಿ ದೂರು ಕೊಟ್ಟ. ಒಂದರಿಂದ ಇನ್ನೊಂದಕ್ಕೆ ಬಲ ಬಂತು ಅಂತಲೇ ನಾನು ನಂಬಿದ್ದೇನೆ. ನನ್ನ ಜೊತೆ ಯಾರೂ ಇಲ್ಲ ಅಂತ ಅಂದುಕೊಂಡವನು ದೂರು ಕೊಡುವುದಕ್ಕೂ ಹೆದರುತ್ತಾನೆ.

ಈಗ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಮ್ಮ ಹಾಲ್‌ನಲ್ಲಿ ಹಿಂದೂ ಹುಡುಗರು, ಮುಸ್ಲಿಂ ಹುಡುಗರು ಕೂಡ ಬಂದು ಕೂರುತ್ತಿದ್ದರು, ಅವರವರ ದೇವರ ಮುಂದೆ ಅವರವರ ದಿನ ಇಡುತ್ತಿದ್ದರು. ಹಾಸ್ಟೆಲ್‌ನಲ್ಲಿ ಆ ಹತ್ತು ನಿಮಿಷ ಈಗಲೂ ಇದ್ದರೆ ತಪ್ಪಿಸಿಕೊಳ್ಳಬೇಡಿ. ಇಲ್ಲ ಅಂದರೆ ನೀವೇ ನಾಲ್ಕು ಜನ ಸೇರಿ ಶುರು ಮಾಡಿ, ಅದಕ್ಕೆ ಫಾದರೇ ಬೇಕು ಅಂತ ಇಲ್ಲ. ಪರೀಕ್ಷೆ ಸಮಯದಲ್ಲೂ ನಿಲ್ಲಿಸಬೇಡಿ. ಮತ್ತೆ, ಮೆಸ್ಸಿನಲ್ಲಿ ಅಡುಗೆ ಮಾಡುವವರ ಹೆಸರು ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿಕೊಳ್ಳಿ.