ಊರಲ್ಲಿ ಮನೆ ಇದ್ದೂ ಫುಟ್‌ಪಾತ್‌ನಲ್ಲಿ ಯಾಕೆ ಮಲಗ್ತಾರೆ?

"ಊರಲ್ಲಿ ಮನೆ ಇದೆಯಂತೆ, ಎರಡು ಎಕರೆ ಹೊಲವೂ ಇದೆಯಂತೆ. ಆದರೂ ಈ ಜನ ಮುಂಬೈಗೆ ಬಂದು ಫುಟ್‌ಪಾತ್‌ನಲ್ಲಿ ಯಾಕೆ ಮಲಗ್ತಾರೆ? ವಾಪಸ್ ಹೋಗಬಾರದಾ?"

ಮಾಟುಂಗಾದ ಸಂಘದ ಕಾರ್ಯಕ್ರಮ ಇರಲಿ, ಡೊಂಬಿವಲಿಯ ಮದುವೆ ಊಟ ಇರಲಿ, ವಸತಿಹೀನರ ಮಾತು ಬಂದರೆ ಪಾಯಸಕ್ಕೂ ಮೊದಲು ಈ ಪ್ರಶ್ನೆ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತಿದ್ದೇನೆ, ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸುವುದೊಂದೇ.

ಮೊದಲು ಆ 'ಈ ಜನ' ಅನ್ನೋದನ್ನು ನೋಡೋಣ. ಹನ್ನೆರಡನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು, ಫೋರ್ಟಿನ ಹೋಟೆಲ್ಲಲ್ಲಿ ಲೋಟ ತೊಳೆದು, ರಾತ್ರಿ ಶಾಲೆ ಮುಗಿಸಿ ಬಂದು, ಗಿರಾಕಿಗಳು ಎದ್ದು ಹೋದ ಮೇಜುಗಳನ್ನೇ ಜೋಡಿಸಿ ಮಲಗಿದ ಅಜ್ಜನ ಕಥೆ ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿದೆ. ಆ ಅಜ್ಜನಿಗೂ ಊರಲ್ಲಿ ಮನೆ ಇತ್ತು. ಅವರನ್ನು ಯಾರೂ ವಸತಿಹೀನ ಅನ್ನಲಿಲ್ಲ, 'ಕಷ್ಟಪಟ್ಟು ಮೇಲೆ ಬಂದವರು' ಅಂದರು. ಅವರ ಧಣಿ ಶಟರಿನ ಒಳಗೆ ಮಲಗಲು ಬಿಟ್ಟಿದ್ದ, ಅಷ್ಟೇ ವ್ಯತ್ಯಾಸ. ಕಲಬುರಗಿ, ಯಾದಗಿರಿಯಿಂದ ಬಂದು ಕೂಲಿ ನಾಕಾದಲ್ಲಿ (ದಿನಗೂಲಿಗೆ ಕರೆಯುವವರಿಗಾಗಿ ಕಾಯುವ ಚೌಕ) ನಿಲ್ಲುವವನಿಗೆ ದಿನಕ್ಕೊಬ್ಬ ಧಣಿ. ಯಾರ ಶಟರಿನ ಒಳಗೆ ಮಲಗಬೇಕು?

ಈಗ ಉತ್ತರ. ಊರಲ್ಲಿರುವುದು ಮನೆ; ಕೂಲಿ ಅಲ್ಲ. ಮಳೆಯನ್ನೇ ನಂಬಿದ ಎರಡು ಎಕರೆಯ ತೊಗರಿಗೆ ಜೂನ್-ಜುಲೈನಲ್ಲಿ ಬಿತ್ತನೆ, ಡಿಸೆಂಬರ್-ಜನವರಿಯಲ್ಲಿ ರಾಶಿ. ಆ ಹೊತ್ತಿಗೆ ಅವರು ಊರಲ್ಲೇ ಇರುತ್ತಾರೆ. 'ವಾಪಸ್ ಹೋಗಬಾರದಾ' ಅಂದರೆ, ಹೋಗ್ತಾರೆ ಸ್ವಾಮಿ, ವರ್ಷ ವರ್ಷವೂ ಹೋಗ್ತಾರೆ. ನಡುವಿನ ತಿಂಗಳುಗಳಲ್ಲಿ ಹೊಲ ಅನ್ನ ಕೊಡುವುದಿಲ್ಲ, ಆಗ ಬರ್ತಾರೆ.

ಹಾಗಾದರೆ ಬಾಡಿಗೆ ಖೋಲಿ (ಕೋಣೆ) ಹಿಡಿಯಲಿ ಅನ್ನುವವರು ಪೆನ್ನು ತೆಗೆದುಕೊಳ್ಳಿ. ಗೋವಂಡಿ ಕಡೆ ಹತ್ತು-ಹತ್ತು ಅಡಿಯ ಖೋಲಿಗೆ ತಿಂಗಳಿಗೆ 5,000 ಬಾಡಿಗೆ ಅಂತ ಹಿಡಿಯಿರಿ. ಡಿಪಾಸಿಟ್ 25,000. ಏಜೆಂಟನಿಗೆ ಒಂದು ತಿಂಗಳ ಬಾಡಿಗೆ. ಮೊದಲ ತಿಂಗಳ ಬಾಡಿಗೆಯೂ ಸೇರಿ, ಬೀಗದಕೈ ಸಿಗುವ ಮೊದಲೇ 35,000 ಎಣಿಸಬೇಕು. ನಾಕಾದಲ್ಲಿ ದಿನಕ್ಕೆ 700 ಸಿಕ್ಕರೂ ದಿನಾ ಸಿಗುವುದಿಲ್ಲ. ತಿಂಗಳಿಗೆ 16 ದಿನ ಅಂದರೆ 11,200. ಅದರಲ್ಲಿ ಉಂಡು, ಊರಿಗೆ ಕಳಿಸಿ, ಉಳಿದದ್ದರಲ್ಲಿ 35,000 ಕೂಡಿಸುವಷ್ಟರಲ್ಲಿ ಮತ್ತೆ ಬಿತ್ತನೆ ಬಂದಿರುತ್ತದೆ. ಇಲ್ಲಿನ ಬಾಡಿಗೆ ಕರಾರು 11 ತಿಂಗಳದ್ದು. ಬೀಗ ಹಾಕಿ ಊರಿಗೆ ಹೋದ ತಿಂಗಳುಗಳಿಗೂ ಬಾಡಿಗೆ ತೆರಬೇಕು.

"ವಿರಾರ್ ಕಡೆ ಅಗ್ಗ ಅಲ್ವಾ?" ಅಗ್ಗ. ಚರ್ಚ್‌ಗೇಟಿಗೆ 60 ಕಿಲೋಮೀಟರ್ ಅಷ್ಟೇ. ದಾದರ್ ಹೂವಿನ ಮಾರುಕಟ್ಟೆ, ಸಸೂನ್ ಡಾಕ್‌ನಲ್ಲಿ ಹೊರೆ ಹೊರುವ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಕೇಟರಿಂಗ್ ಹುಡುಗರು ದೊಡ್ಡ ಪಾತ್ರೆ ತೊಳೆದು ಏಳುವ ಹೊತ್ತಿಗೆ ಕಡೆಯ ಲೋಕಲ್ ಹೋಗಿರುತ್ತದೆ. ಎಲ್ಲಿ ಮಲಗಬೇಕು ಅನ್ನೋದನ್ನು ರೈಲಿನ ಟೈಮ್‌ಟೇಬಲ್ ತೀರ್ಮಾನಿಸುತ್ತದೆ, ಸೋಮಾರಿತನ ಅಲ್ಲ.

ಇದನ್ನು ಸುಪ್ರೀಂ ಕೋರ್ಟ್ ಎಂದೋ ಹೇಳಿ ಮುಗಿಸಿದೆ. 1981ರ ಜುಲೈನಲ್ಲಿ, ಸುರಿಯುವ ಮಳೆಯಲ್ಲಿ, ಆಗಿನ ಮುಖ್ಯಮಂತ್ರಿ ಎ. ಆರ್. ಅಂತುಳೆ ಫುಟ್‌ಪಾತ್‌ನವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುತ್ತೇವೆ ಅಂದರು. ನಿಮ್ಮ ಪ್ರಶ್ನೆಯನ್ನೇ ಸರ್ಕಾರಿ ಆದೇಶ ಮಾಡಿದ ಹಾಗೆ. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತು ಫುಟ್‌ಪಾತ್ ನಿವಾಸಿಗಳು ಕೋರ್ಟಿಗೆ ಹೋದರು. 1985ರ ತೀರ್ಪು ಹೇಳಿದ್ದು: ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ, ಫುಟ್‌ಪಾತ್ ಕಳೆದುಕೊಂಡರೆ ಕೆಲಸವೂ ಹೋಗುತ್ತದೆ. ಕಾನೂನು ಓದುವ ಮಕ್ಕಳೆಲ್ಲ ಇಷ್ಟನ್ನು ಬಾಯಿಪಾಠ ಮಾಡುತ್ತಾರೆ. ಅದೇ ತೀರ್ಪು, ತೆರವು ಮಾಡಲು ಪಾಲಿಕೆಗೆ ಅಧಿಕಾರ ಕೊಡುವ 1888ರ ಕಾಯ್ದೆಯ 314ನೇ ಕಲಮನ್ನು ಎತ್ತಿಹಿಡಿದು, ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರ ತನಕ ಎಬ್ಬಿಸಬೇಡಿ ಅಂದಿತ್ತು. ನವೆಂಬರ್ ಬಗ್ಗೆ ಮದುವೆ ಊಟದಲ್ಲಿ ಯಾರೂ ಕೇಳಿದ್ದಿಲ್ಲ.

ದುಡಿದು ತಿನ್ನಲಿ ಅನ್ನುವವರೂ ಇದ್ದಾರೆ. 2021ರಲ್ಲಿ ಬಾಂಬೆ ಹೈಕೋರ್ಟೇ, ವಸತಿಹೀನರೂ ದೇಶಕ್ಕಾಗಿ ದುಡಿಯಬೇಕು, ಎಲ್ಲವನ್ನೂ ಸರ್ಕಾರ ಪುಕ್ಕಟೆ ಕೊಡಲಾಗದು ಅಂದಿತ್ತು. ನಸುಕಿನಲ್ಲಿ ನಿಮ್ಮ ದೇವರಿಗೆ ಬರುವ ಚೆಂಡುಹೂವಿನ ಮೂಟೆ ಹೊತ್ತವನು ಇನ್ನೇನು ಮಾಡಬೇಕಿತ್ತೋ.

ಎಲ್ಲರೂ ನಾಕಾದವರಲ್ಲ, ಒಪ್ಪಿದೆ. ಗಂಡನ ಮನೆಯವರು ಹೊರಹಾಕಿದ ಹೆಂಗಸರಿದ್ದಾರೆ, ತಲೆ ಸರಿಯಿಲ್ಲವೆಂದು ಮನೆಯವರೇ ರೈಲು ಹತ್ತಿಸಿ ಕೈತೊಳೆದುಕೊಂಡವರಿದ್ದಾರೆ, ಪರೇಲಿನ ಟಾಟಾ ಆಸ್ಪತ್ರೆಯ ಹೊರಗೆ ಕಿಮೋದ ಮುಂದಿನ ತಾರೀಖಿಗೆ ಕಾಯುವ ಕುಟುಂಬಗಳಿವೆ, ಭಾಯಖಳದ ಫುಟ್‌ಪಾತ್‌ನಲ್ಲೇ ಹುಟ್ಟಿ ಅಲ್ಲೇ ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಇವರಿಗೆ 'ಊರು' ಅಂದರೆ ಯಾವುದು ಅಂತ ನೀವೇ ಹೇಳಬೇಕು. 1959ರ ಭಿಕ್ಷೆ ತಡೆ ಕಾಯ್ದೆಗೆ ಈ ಭೇದ ತಿಳಿಯುವುದಿಲ್ಲ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಅಲೆದಾಡಿದರೂ ಅದರ ಲೆಕ್ಕದಲ್ಲಿ ಭಿಕ್ಷೆಯಾಗಬಹುದು. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಬಂಧನ.

"ಶೆಲ್ಟರ್ ಇದೆಯಲ್ಲ?" ಲಕ್ಷ ಜನಸಂಖ್ಯೆಗೆ ಒಂದು, ತಲೆಗೆ 50 ಚದರಡಿ ಅನ್ನೋದು ನಿಯಮ. 2011ರ ಜನಗಣತಿಯಂತೆ ಮುಂಬೈಯಲ್ಲಿ 1.24 ಕೋಟಿ ಜನ, ಅಂದರೆ 124 ಶೆಲ್ಟರ್ ಬೇಕು. ಅದರ ಅರ್ಧವೂ ಆಗಿಲ್ಲ. ಗಂಡಸರ ಶೆಲ್ಟರ್ ಇದ್ದರೆ ಹೆಂಡತಿ ಹೊರಗೆ. ಕೈಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಾಡಿಯವನೂ ಹೊರಗೆ. ಅದೇ ಜನಗಣತಿ ಮುಂಬೈಯಲ್ಲಿ ಎಣಿಸಿದ ವಸತಿಹೀನರು 57 ಸಾವಿರ ಚಿಲ್ಲರೆ, ಅದೂ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ.

ಇದಕ್ಕಿಂತ ಒಂದು ಒಳ್ಳೆಯ ಪ್ರಶ್ನೆ ಇದೆ, ಯಾರೂ ಕೇಳುವುದಿಲ್ಲ: "ಪಾಲಿಕೆಯ ಗಾಡಿ ಬಂದಾಗ ಏನೇನು ಒಯ್ಯುತ್ತದೆ?"

ನೀಲಿ ತಾಡಪತ್ರಿ, ನಾಲ್ಕು ಬೊಂಬು, ಸ್ಟೋವ್, ಕೊಡ, ಗೋಣಿಚೀಲ. ಗೋಣಿಚೀಲದಲ್ಲಿ ಬಟ್ಟೆ; ಬಟ್ಟೆಯ ನಡುವೆ ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕಾಗದ. ಆಧಾರ್, ಮಗುವಿನ ಜನನ ದಾಖಲೆ, ಆಸ್ಪತ್ರೆಯ ಕೇಸ್ ಪೇಪರ್. ತಾಡಪತ್ರಿ ಮತ್ತೆ ಕೊಳ್ಳಬಹುದು, ಕಾಗದ ಹೋದರೆ ಮತ್ತೆ ಒಂದರಿಂದ ಶುರು. ಝೋಪಡಪಟ್ಟಿ (ಕೊಳೆಗೇರಿ) ಪುನರ್ವಸತಿಯಲ್ಲಿ ಪುಕ್ಕಟೆ ಮನೆಗೆ ಫುಟ್‌ಪಾತ್‌ನವರೂ ಅರ್ಹರು, ಆದರೆ 2000ದ ಜನವರಿ 1ಕ್ಕೂ ಮೊದಲಿನಿಂದ ಅಲ್ಲೇ ಇದ್ದೇವೆಂದು ತೋರಿಸಬೇಕು. ತೋರಿಸಲು ದೊಡ್ಡ ಆಸರೆ ಮತದಾರರ ಪಟ್ಟಿ. ಎಬ್ಬಿಸಿ ಎಬ್ಬಿಸಿ ವಾರ್ಡು ಬದಲಾದವನ ಹೆಸರು ಯಾವ ಪಟ್ಟಿಯಲ್ಲಿರಬೇಕು?

ಹಾಗಾಗಿ ಸಹಾಯ ಮಾಡುವ ಮನಸ್ಸಿದ್ದವರು ಕಂಬಳಿ ಹಂಚಿ ಫೋಟೋ ತೆಗೆಯುವ ಮೊದಲು (ಮುಂಬೈಯಲ್ಲಿ ಕಂಬಳಿ!) ಫಾರ್ಮ್ 6 ತುಂಬಿಸಿ. ಮತದಾರರ ಪಟ್ಟಿಗೆ ಸೇರಲು ಮನೆ ಬೇಕಿಲ್ಲ. ಚುನಾವಣಾ ಆಯೋಗದ ನಿಯಮ ಸ್ಪಷ್ಟವಾಗಿದೆ: ವಸತಿಹೀನರು ಫಾರ್ಮಿನಲ್ಲಿ ಬರೆದ ಜಾಗದಲ್ಲೇ ಮಲಗುತ್ತಾರೆಯೇ ಎಂದು ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಬಂದು ನೋಡಬೇಕು, ಒಂದಕ್ಕಿಂತ ಹೆಚ್ಚು ರಾತ್ರಿ. ಖಾತ್ರಿಯಾದರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಕೆಡುವುದು ಎರಡು ಕಡೆ. ವಿಳಾಸದಲ್ಲಿ 'ಫ್ಲೈಓವರ್ ಕೆಳಗೆ' ಅಂತ ಬರೆದರೆ ಯಾರೂ ಹುಡುಕುವುದಿಲ್ಲ. ರಸ್ತೆಯ ಹೆಸರು, ಫ್ಲೈಓವರಿನ ಕಂಬದ ನಂಬರ್, ಎದುರಿನ ಅಂಗಡಿ ಬರೆಯಿರಿ. ಇನ್ನೊಂದು, ಬಿಎಲ್‌ಓ ಹಗಲು ಹನ್ನೊಂದಕ್ಕೆ ಬಂದು, ಎಲ್ಲರೂ ಕೆಲಸಕ್ಕೆ ಹೋಗಿರುವುದನ್ನು ಕಂಡು 'ಸಿಗಲಿಲ್ಲ' ಅಂತ ಬರೆದು ಹೋಗಿಬಿಡುತ್ತಾರೆ. ಅವರ ಫೋನ್ ನಂಬರ್ ಮೊದಲೇ ತೆಗೆದುಕೊಂಡು, ರಾತ್ರಿ ಹನ್ನೊಂದರ ಮೇಲೆ ಕರೆಸಿ. ಎರಡನೇ ರಾತ್ರಿಗೂ ನೀವೇ ಫೋನ್ ಮಾಡಬೇಕಾಗುತ್ತದೆ.